ಮಡಚಿಟ್ಟ ಪಟ್ಟಿ

ಬ್ಯಾಂಕಿನಲ್ಲಿ ಗುಮಾಸ್ತನಾಗಿ ಮುದುಕನಾದವನು ನಾನು. ಪಟ್ಟಿ ಬರೆದು ಟಿಕ್ ಹಾಕದಿದ್ದರೆ ನನಗೆ ಸಮಾಧಾನವಿಲ್ಲ. ದಸರಾ ರಜೆಯಲ್ಲಿ ಮನೆಮಂದಿಯೆಲ್ಲ ಹಂಪಿಗೆ ಹೊರಟಾಗಲೂ ಒಂದು ಪಟ್ಟಿ ಮಾಡಿದ್ದೆ. 2 ದಿನ, 22 ಸ್ಥಳ. ವಿರೂಪಾಕ್ಷನಿಗೆ 40 ನಿಮಿಷ, ಸಾಸಿವೆಕಾಳು ಗಣಪನಿಗೆ 10, ಕಡಲೆಕಾಳು ಗಣಪನಿಗೆ 10, ಕಮಲ ಮಹಲಿಗೆ 15!

"ಇದು ಪ್ರವಾಸವೋ ಆಡಿಟ್ಟೋ?" ಎಂದು ನಮ್ಮಾಕೆ ನಕ್ಕಳು.

ಮೊದಲು ವಿರೂಪಾಕ್ಷ ದೇವಾಲಯ. ಅಲ್ಲಿ ಹಿಂಭಾಗದ ಒಂದು ಕತ್ತಲೆ ಕೋಣೆಯ ಗೋಡೆಯ ಮೇಲೆ ರಾಜಗೋಪುರದ ನೆರಳು ತಲೆಕೆಳಗಾಗಿ ಬೀಳುತ್ತದೆ. ಆರನೇ ತರಗತಿಯ ಮೊಮ್ಮಗಳು ಅಲ್ಲೇ ನಿಂತುಬಿಟ್ಟಳು.

"ತಾತ, ಇದ್ಯಾಕೆ ಉಲ್ಟಾ?"

"ಆಮೇಲೆ ಹೇಳ್ತೀನಿ. ಬೇಗ ನಡಿ, ಹೊತ್ತಾಯ್ತು" ಎಂದು ಗಡಿಯಾರ ನೋಡಿಕೊಂಡೆ.

ಮಗ ಮೆಲ್ಲಗೆ ಹೇಳಿದ: "ಅಪ್ಪಾ, ತಾಜ್‌ಮಹಲಿನಲ್ಲೂ ನೀವು ಇದನ್ನೇ ಹೇಳಿದ್ರಿ."

1986ರ ಮಾತು. ಎಲ್‌.ಟಿ.ಸಿ. ಸಿಕ್ಕಿತ್ತು. ಒಂದೇ ವಾರದಲ್ಲಿ ದೆಹಲಿ, ಆಗ್ರಾ, ಮಥುರಾ, ಜೈಪುರ ಎಲ್ಲ ಮುಗಿಸಿದ್ದೆವು. ಮಗನಿಗೆ ಆಗ 8 ವರ್ಷ. "ತಾಜ್‌ಮಹಲ್ ನನಗೆ ನೆನಪೇ ಇಲ್ಲಪ್ಪಾ. ನೀವು ಕೈ ಹಿಡಿದು ಎಳೆದುಕೊಂಡು ಹೋಗಿದ್ದು ಮಾತ್ರ ನೆನಪಿದೆ" ಎಂದ. ಮಾತಿನಲ್ಲಿ ಸಿಟ್ಟಿರಲಿಲ್ಲ. ನನಗೇ ಚುಚ್ಚಿತು. ಇಷ್ಟು ವರ್ಷ ನನ್ನ ಲೆಕ್ಕದಲ್ಲಿ ಜಮಾ ಆಗಿದ್ದದ್ದು ಅವನ ಪುಸ್ತಕದಲ್ಲಿ ಆಗಿರಲೇ ಇಲ್ಲ.

ಗಡಿಯಾರ ಬಿಚ್ಚಿ ಜೇಬಿಗೆ ಹಾಕಿದೆ. "ಬಾ ಪುಟ್ಟಿ, ನೋಡೋಣ" ಎಂದೆ. ಬೆಳಕು ನೇರವಾಗಿ ಸಾಗುತ್ತದೆ. ಸಣ್ಣ ಕಿಂಡಿಯಲ್ಲಿ ಹಾಯುವಾಗ ಗೋಪುರದ ತುದಿಯಿಂದ ಬಂದ ಬೆಳಕು ಗೋಡೆಯ ಕೆಳಕ್ಕೂ, ಬುಡದಿಂದ ಬಂದದ್ದು ಮೇಲಕ್ಕೂ ಹೋಗುತ್ತದೆ. "ಓಹೋ, ನಮ್ಮ ಸ್ಕೂಲಿನ ಪಿನ್‌ಹೋಲ್ ಕ್ಯಾಮೆರಾ!" ಎಂದವಳೇ ನನ್ನ ಕೈಯಿಂದ ಪಟ್ಟಿ ಕಿತ್ತುಕೊಂಡಳು. ಅದರ ಖಾಲಿ ಹಿಂಬದಿಯನ್ನು ಬೆಳಕಿಗೆ ಒಡ್ಡಿ ಹಿಡಿದಳು. ಗೋಪುರ ಹಾಳೆಯ ಮೇಲೆ ಬಂತು! ಹಾಳೆಯನ್ನು ಕಿಂಡಿಯ ಹತ್ತಿರ ಒಯ್ದಷ್ಟೂ ಗೋಪುರ ಚಿಕ್ಕದಾಯಿತು. ಹೊರಗೆ ಬಂದಾಗ ಒಂದು ಗಂಟೆ ಕಳೆದಿತ್ತು.

ಆಮೇಲೆ ಹೊಸ ನಿಯಮ ಮಾಡಿಕೊಂಡೆವು. ತಲೆಗೊಂದು ಆಯ್ಕೆ, ಮಿಕ್ಕಿದ್ದೆಲ್ಲ ಬೋನಸ್. ಮೊಮ್ಮಗ ಕಲ್ಲಿನ ರಥ ಕೇಳಿದ. 50 ರೂಪಾಯಿ ನೋಟಿನ ಹಿಂಬದಿಯ ಚಿತ್ರವನ್ನು ರಥದ ಎದುರು ಹಿಡಿದು ಒಂದೊಂದೇ ಭಾಗ ತಾಳೆ ನೋಡಿದ. ಆಯುಷ್ಯವಿಡೀ ನೋಟು ಎಣಿಸಿದ ನಾನು ಯಾವ ನೋಟನ್ನೂ ಅಷ್ಟು ಹೊತ್ತು ನೋಡಿದವನಲ್ಲ. ಮಂಡಿನೋವಿನ ನಮ್ಮಾಕೆ ತುಂಗಭದ್ರೆಯ ದಡದಲ್ಲಿ ಸುಮ್ಮನೆ ಕೂರಬೇಕೆಂದಳು. ಕೂತೆವು. ಹರಿಗೋಲುಗಳು ತಿರುಗುವುದನ್ನು ನೋಡುತ್ತಾ ಮಂಡಕ್ಕಿ ತಿಂದೆವು.

22ರಲ್ಲಿ ನೋಡಿದ್ದು 6. ಆನೆಲಾಯ ತಪ್ಪಿತಲ್ಲ ಎಂದು ನನಗೆ ಈಗಲೂ ಒಂದಿಷ್ಟು ಕೊರಗಿದೆ, ಸುಳ್ಳೇಕೆ ಹೇಳಲಿ? ಆದರೆ ಆ 6 ಯಾವುವೆಂದು ಮೊಮ್ಮಕ್ಕಳನ್ನು ಕೇಳಿ, ನಿದ್ದೆಗಣ್ಣಲ್ಲೂ ಹೇಳುತ್ತಾರೆ.

ಮಕ್ಕಳೇ, ಮುಂದಿನ ರಜೆಗೆ ಹೊರಡುವ ಮೊದಲು ಮನೆಯಲ್ಲಿ ಪ್ರತಿಯೊಬ್ಬರಿಗೂ ಒಂದೊಂದು ಚೀಟಿ ಕೊಟ್ಟು, ಒಂದೇ ಒಂದು ಆಸೆ ಬರೆಯಲು ಹೇಳಿ. ಅಜ್ಜಿಯ ಚೀಟಿಯನ್ನು ಮರೆಯಬೇಡಿ.