ವಂಶವೃಕ್ಷ ಕೇಳ್ತೀರಲ್ಲ, ನಮ್ಮ ಹೆಸರು ಬರೆದಿಟ್ಟಿದ್ದು ಯಾರು?



ಸ್ವಲ್ಪ ಉದ್ದದ ಪೋಸ್ಟು. ಪುರುಸೊತ್ತು ಮಾಡಿಕೊಂಡು ಓದಿ.

ಡೊನಾಲ್ಡ್ ಟ್ರಂಪ್‌ನ ಅಜ್ಜ ಫ್ರೆಡ್ರಿಕ್ ಟ್ರಂಪ್ ಜರ್ಮನಿಯ ಕಾಲ್‌ಸ್ಟಾಟ್ ಎಂಬ ಸಣ್ಣ ಊರಿನವ. 1885ರಲ್ಲಿ, 16 ವರ್ಷದ ಹುಡುಗ, ಹಡಗು ಹತ್ತಿ ನ್ಯೂಯಾರ್ಕಿಗೆ ಹೋದ. ದುಡ್ಡು ಮಾಡಿಕೊಂಡು ವಾಪಸ್ ಬಂದರೆ, ಮಿಲಿಟರಿ ಸೇವೆ ತಪ್ಪಿಸಿಕೊಂಡು ಓಡಿದವ ಅಂತ 1905ರಲ್ಲಿ ಬವೇರಿಯಾ ಸರ್ಕಾರ ಅವನನ್ನು ಹೊರಗೆ ಹಾಕಿತು. ಅದೇ ವರ್ಷ ನ್ಯೂಯಾರ್ಕಿನಲ್ಲಿ ಮಗ ಫ್ರೆಡ್ ಹುಟ್ಟಿದ, 1946ರಲ್ಲಿ ಮೊಮ್ಮಗ ಡೊನಾಲ್ಡ್. ವಲಸಿಗನ ಮೊಮ್ಮಗನೇ ಇವತ್ತು ವಲಸಿಗರನ್ನು ಓಡಿಸುವ ಮಾತಾಡೋದು, ಅದು ಬೇರೆ ಕಥೆ. ಇಲ್ಲಿ ನೋಡಬೇಕಾದ್ದು, ಊರು ಬಿಟ್ಟು ಓಡಿಹೋದವನಿಗೂ ತಾರೀಕು ಸಮೇತ ದಾಖಲೆ ಇದೆ.

ನಮ್ಮ ಕರಾವಳಿಗೇ ಬನ್ನಿ. ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಎರಡು ವರ್ಷದ ನಂತರ ಭಾರತಕ್ಕೆ ಬಂದ ಹರ್ಮನ್ ಗುಂಡರ್ಟ್ ಆಮೇಲೆ ಅದೇ ಮಿಶನ್ ಸೇರಿದ. 1842ರಲ್ಲಿ ಅವನ ಮಗಳು ಮರೀ ತಲಶ್ಶೇರಿಯಲ್ಲಿ ಹುಟ್ಟಿದಳು. ಆಕೆಯ ಮಗನೇ ‘ಸಿದ್ಧಾರ್ಥ’ ಬರೆದು 1946ರಲ್ಲಿ ನೊಬೆಲ್ ಪಡೆದ ಹರ್ಮನ್ ಹೆಸ್ಸೆ. ಮಲಯಾಳಂ ನಿಘಂಟು ಮಾಡಿದ ಅಜ್ಜ, ಕಾದಂಬರಿ ಬರೆದ ಮೊಮ್ಮಗ, ನಡುವೆ ತಾಯಿ ಹುಟ್ಟಿದ ಊರು, ಮದುವೆಯಾದ ವರ್ಷ, ಎಲ್ಲವೂ ಕಾಗದದಲ್ಲಿದೆ.

ಹೇಗೆ ಸಾಧ್ಯವಾಯ್ತು? ಅವರ ರಕ್ತ ದೊಡ್ಡದು ಅಂತ ಅಲ್ಲ. ಹುಟ್ಟಿದಾಗ ಇಗರ್ಜಿಯ ಪುಸ್ತಕದಲ್ಲಿ ಹೆಸರು ಬಿತ್ತು. ಹಡಗು ಹತ್ತಿದಾಗ ಪಟ್ಟಿಯಲ್ಲಿ ಬಿತ್ತು. ಅಮೆರಿಕದಲ್ಲಿ ಇಳಿದಾಗ ಇನ್ನೊಬ್ಬ ಗುಮಾಸ್ತ ಬರೆದುಕೊಂಡ. ಇವತ್ತು ನಾಲ್ಕು ಕೋಟಿಗೂ ಹೆಚ್ಚು ಅಮೆರಿಕನ್ನರು ತಾವು ಜರ್ಮನ್ ಮೂಲದವರು ಅಂತ ಹೇಳಿಕೊಳ್ತಾರೆ. ಅವರಲ್ಲಿ ಎಷ್ಟೋ ಮಂದಿ ಐದಾರು ತಲೆಮಾರು ಹಿಂದಕ್ಕೆ ಆರಾಮಾಗಿ ಹೋಗಬಹುದು.

ಅದೇ ಅಮೆರಿಕದ ಕಪ್ಪು ಜನರನ್ನು ಕೇಳಿ. 1850 ಮತ್ತು 1860ರ ಜನಗಣತಿಯಲ್ಲಿ ಗುಲಾಮರಿಗೆ ಬೇರೆ ಪಟ್ಟಿ. ಅದರಲ್ಲಿ ಯಜಮಾನನ ಹೆಸರು, ಕೆಳಗೆ ವಯಸ್ಸು, ಗಂಡೋ ಹೆಣ್ಣೋ, ಮೈಬಣ್ಣ. ಗುಲಾಮರ ಹೆಸರು ಬರೆಯಲೇ ಇಲ್ಲ ಅನ್ನಬಹುದು. ಬಿಡುಗಡೆಯಾದವರೆಲ್ಲರ ಹೆಸರು ಜನಗಣತಿಗೆ ಬಂದದ್ದು 1870ರಲ್ಲಿ. ವಂಶ ಹುಡುಕುವ ಕಪ್ಪು ಕುಟುಂಬಗಳಿಗೆ ಅದೇ ಗೋಡೆ. ಗುಲಾಮಗಿರಿ ಮುಗಿದ ಮೇಲೆ ಮಾರಿಹೋದ ತಾಯಿಯನ್ನು, ಮಕ್ಕಳನ್ನು ಹುಡುಕಲು ಅವರು ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟರು. ವರ್ಷಗಟ್ಟಲೆ ಕೊಟ್ಟರು.

ಈಗ ಬಸ್ರೂರಿಗೆ ಬನ್ನಿ. ನಮ್ಮೂರು ದೊಡ್ಡ ಬಂದರು ಅಂತ ಎಲ್ಲರಿಗೂ ಹೆಮ್ಮೆ. ಪೋರ್ಚುಗೀಸರು ಕೋಟೆ ಕಟ್ಟಿದರು, 1665ರಲ್ಲಿ ಶಿವಾಜಿ ಹಡಗಿನಲ್ಲಿ ಬಂದು ದಾಳಿ ಮಾಡಿದ. ಇಲ್ಲಿಂದ ಹೋಗುತ್ತಿದ್ದ ಮುಖ್ಯ ಸರಕು ಅಕ್ಕಿ. ದೇವಸ್ಥಾನದ ಶಾಸನಗಳಲ್ಲಿ ಅರಸರ ಹೆಸರಿದೆ, ಅಧಿಕಾರಿಗಳ ಹೆಸರಿದೆ, ದಾನ ಕೊಟ್ಟ ಸೆಟ್ಟಿಗಳ ಹೆಸರಿದೆ. ಆ ಅಕ್ಕಿಯ ನೇಜಿ ನೆಟ್ಟವರು ಯಾರು ಮಾರಾಯ್ರೆ? 1801ರಲ್ಲಿ ಕುಂದಾಪುರದ ಮೇಲೆ ಹಾದುಹೋದ ಬುಕಾನನ್ ಎಂಬ ಇಂಗ್ಲಿಷ್ ಕಂಪನಿಯ ವೈದ್ಯ ಈ ಸೀಮೆಯ ಗದ್ದೆಗಳಲ್ಲಿ ಗುಲಾಮರು ದುಡಿಯುವುದನ್ನು ಬರೆದಿದ್ದಾನೆ. ಅವರಿಗೆ ಎಷ್ಟು ಕೂಲಿ, ಅವರ ಬೆಲೆ ಎಷ್ಟು ಅನ್ನುವುದೂ ಇದೆ. ಹೆಸರು ಮಾತ್ರ ಇಲ್ಲ. ಭೂಮಿಯ ಜೊತೆಗೇ ಕೈಬದಲಾಗುವ ಮೂಲದಾಳುಗಳಿಗೆ ಹೆಸರು ಎಂತಕ್ಕೆ, ಅಲ್ವಾ? ಗುಲಾಮಗಿರಿಗೆ ಕಾನೂನಿನ ಬೆಂಬಲ ಇಲ್ಲ ಅಂತ ಬ್ರಿಟಿಷರು ಹೇಳಿದ್ದೇ 1843ರಲ್ಲಿ.

ಇದ್ದ ಹೆಸರಾದರೂ ಎಂಥದ್ದು? ಐತ, ಸೋಮ, ಅಂಗಾರ, ಗುರುವ, ತುಕ್ರ, ತನಿಯ. ಹುಟ್ಟಿದ ವಾರವೇ ಹೆಸರು. ಒಳ್ಳೆ ಹೆಸರಿಟ್ಟರೆ ಧಣಿಗಳಿಗೆ ಸಿಟ್ಟು. ಒಂದೇ ಕೇರಿಯಲ್ಲಿ ನಾಲ್ಕು ತುಕ್ರ, ಮೂರು ಅಂಗಾರ ಇದ್ದರೆ ನೂರು ವರ್ಷದ ನಂತರ ಮೊಮ್ಮಗ ಯಾರನ್ನು ತನ್ನ ಅಜ್ಜ ಅಂತ ಗುರುತಿಸೋದು? ಇವತ್ತು ಎಲ್ಲಾ ಜಾತಿಯವರೂ ಕೈಮುಗಿಯುವ ಕೊರಗಜ್ಜನ ಹೆಸರೂ ತನಿಯ, ಶನಿವಾರದವ. ದೈವವಾಗಿದ್ದಕ್ಕೆ ಅವನ ಹುಟ್ಟು, ಸಾಕಿದ ತಾಯಿ, ಎಲ್ಲವೂ ಪಾಡ್ದನದಲ್ಲಿ ಉಳಿಯಿತು. ಉಳಿದ ತನಿಯರದ್ದು?

ನನ್ನ ಮನೆಯನ್ನೇ ತೆಗೆದುಕೊಳ್ಳಿ. ಅಪ್ಪನ ಹೆಸರು ಶಾಲೆಯ ದಾಖಲೆಯಲ್ಲಿದೆ. ಅಜ್ಜನ ಹೆಸರು ಅದೇ ದಾಖಲೆಯ ‘ತಂದೆ’ ಕಾಲಮ್ಮಿನಲ್ಲಿ ಒಂದೇ ಒಂದು ಸಲ ಬಂದಿದೆ. ಮುತ್ತಜ್ಜನ ಹೆಸರು ದೊಡ್ಡಮ್ಮ ಬಾಯಲ್ಲಿ ಹೇಳಿದ್ದು. ಅಜ್ಜಿಯ ಹೆಸರು ಯಾವ ಕಾಗದದಲ್ಲೂ ಇಲ್ಲ. ನನ್ನ 1870 ಅಲ್ಲಿಗೇ ಬಂತು.

ಇದು ಬರೀ ಭಾವನೆಯ ವಿಷಯ ಅಂದುಕೊಳ್ಳಬೇಡಿ. ಗುಮಾಸ್ತನ ಕುರ್ಚಿಯಲ್ಲಿ ಕೂತು ದಿನಾ ಕಾಗದ ನೋಡುವವನಾಗಿ ಹೇಳ್ತಿದ್ದೇನೆ. ಪೌತಿ ಖಾತೆಗೆ ನಾಡಕಚೇರಿಯಲ್ಲಿ ವಂಶವೃಕ್ಷ ಕೇಳ್ತಾರೆ. ನಮ್ಮವರಿಗೆ ಸರ್ಕಾರ ಕೊಟ್ಟ ಜಮೀನನ್ನು ಯಾರೋ ಬರೆಸಿಕೊಂಡಿದ್ದರೆ 1978ರ ಪಿಟಿಸಿಎಲ್ ಕಾಯ್ದೆಯಲ್ಲಿ ವಾಪಸ್ ಕೇಳಬಹುದು. ಆದರೆ ಕೇಳುವವ ಮೂಲ ಮಂಜೂರಾತಿದಾರನ ವಾರಸುದಾರ ಅಂತ ತೋರಿಸಬೇಕು. ಇನ್ನು ಡಿಸಿ ಮನ್ನಾ ಭೂಮಿ. ಡಿಸಿ ಅಂದರೆ ಡಿಪ್ರೆಸ್ಡ್ ಕ್ಲಾಸ್. ಬ್ರಿಟಿಷರ ಕಾಲದಲ್ಲಿ ನಮಗಾಗಿ ತೆಗೆದಿಟ್ಟ ಜಾಗಕ್ಕೂ ವರ್ಗದ ಹೆಸರು ಬಿತ್ತೇ ಹೊರತು ಮನುಷ್ಯರ ಹೆಸರು ಬೀಳಲಿಲ್ಲ. ಯಾರದ್ದೂ ಅಲ್ಲದ್ದು ಅಂತ ಯಾರ್ಯಾರೋ ಒಳಗೆ ಹಾಕಿಕೊಂಡರು. ತಲೆಮಾರುಗಟ್ಟಲೆ ನಮ್ಮ ಹೆಸರು ಬರೆಯದವರೇ ಇವತ್ತು ನಮ್ಮನ್ನು ‘ದಾಖಲೆ ತನ್ನಿ’ ಅನ್ನುತ್ತಾರೆ.

ಕೆಲವು ಸಂಗಾತಿಗಳು ಹೇಳ್ತಾರೆ, ವಂಶ ಗೋತ್ರ ಹುಡುಕೋದು ಮನುವಾದಿಗಳ ಚಾಳಿ, ನಮಗ್ಯಾಕೆ ಅಂತ. ನಾನು ಒಪ್ಪೋದಿಲ್ಲ. ಗೋತ್ರ ಇರೋದು ಯಾರನ್ನು ಹೊರಗಿಡಬೇಕು ಅಂತ ನೋಡಲಿಕ್ಕೆ. ನಾವು ಬರೆಯೋದು ಯಾರನ್ನು ಹೊರಗಿಟ್ಟರು ಅಂತ ತೋರಿಸಲಿಕ್ಕೆ. ಅಮೆರಿಕದ ಕಪ್ಪು ಜನ 1865ರಲ್ಲಿ ಶುರುವಾದ ಬಿಡುಗಡೆಯಾದವರ ಇಲಾಖೆಯ ಕಡತಗಳನ್ನು ತೆಗೆದು, ಮದುವೆ ಪತ್ರ, ಕೂಲಿ ಕರಾರು ಒಂದೊಂದೇ ಓದಿ ತಮ್ಮವರನ್ನು ಹುಡುಕುತ್ತಿದ್ದಾರೆ. ಅವರೇನು ಮನುವಾದಿಗಳಾ?

ನಮಗೂ ಕಡತಗಳಿವೆ. 1892ರಲ್ಲಿ, ನ್ಯೂಯಾರ್ಕಿನ ಎಲ್ಲಿಸ್ ದ್ವೀಪದಲ್ಲಿ ವಲಸಿಗರ ಹೆಸರು ಬರೆಯುವ ಕೇಂದ್ರ ತೆರೆದ ವರ್ಷವೇ, ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು ನಮ್ಮ ಮಕ್ಕಳಿಗೆ ಶಾಲೆ ತೆರೆದರು. ಶಾಲೆಯ ದಾಖಲಾತಿ ಪುಸ್ತಕವೇ ನಮ್ಮ ಹಡಗಿನ ಪಟ್ಟಿ. ಹಳೇ ಸರ್ಕಾರಿ ಶಾಲೆಗಳು ಮಕ್ಕಳಿಲ್ಲದೆ ಮುಚ್ಚುತ್ತಿವೆ. ಆ ಪುಸ್ತಕಗಳು ಗೆದ್ದಲಿಗೆ ಹೋಗುವ ಮೊದಲು ಅಪ್ಪ ಅಜ್ಜಂದಿರ ದಾಖಲಾತಿಯ ಪ್ರತಿ ಅರ್ಜಿ ಹಾಕಿ ತೆಗೆಸಿಕೊಳ್ಳಿ. ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿ ಇದ್ದರೆ ಈ ವಾರವೇ ಕೂತು ಕೇಳಿ. ಹುಟ್ಟಿದ ಮನೆ ಯಾವುದು, ಯಾರ ಗದ್ದೆಯಲ್ಲಿ ದುಡಿದದ್ದು, ಬಳಿ ಯಾವುದು, ಅವರ ಅಮ್ಮನ ಹೆಸರೇನು. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ಹೆಂಗಸರ ಹೆಸರು ಮೊದಲು ಬರೆಯಿರಿ, ಬೇಗ ಕಳೆದುಹೋಗುವುದು ಅದೇ.

ಬರುವ ಏಪ್ರಿಲ್ 14ಕ್ಕೆ ಪ್ರತಿ ಕೇರಿಯಲ್ಲಿ ಬಾಬಾಸಾಹೇಬರ ಫೋಟೋದ ಎದುರು ಹಾರದ ಜೊತೆ ಒಂದು ನೋಟ್‌ಪುಸ್ತಕ ಇಡೋಣ, ಮನೆ ಮನೆಯವರೂ ಬಂದು ಗೊತ್ತಿದ್ದಷ್ಟು ಹೆಸರು ಬರೆಯಲಿ. ಬರೆಯಲು ಬಾರದವರಿಗೆ ನಮ್ಮ ಮಕ್ಕಳು ಬರೆದುಕೊಡಲಿ. ಬಸ್ರೂರು, ಕುಂದಾಪುರ ಕಡೆಯವರು ಹೇಳಿ, ಪುಸ್ತಕ ನಾನು ತರ್ತೇನೆ.

ಜೈಭೀಮ್.