ಪಂಪು ನಿಂತ ಹೊತ್ತಿನ ಲೆಕ್ಕ

ಬೆಳ್ತಂಗಡಿ ತಾಲೂಕಿನ ವೇಣೂರನ್ನು ದೂರದವರು ಬಲ್ಲುದು ೧೬೦೪ರಲ್ಲಿ ತಿಮ್ಮಣ್ಣಾಜಿಲರು ನಿಲ್ಲಿಸಿದ ಗೊಮ್ಮಟನಿಂದ. ಊರಲ್ಲಿದ್ದು ಬೇಸಾಯ ಮಾಡುವವರಿಗಾದರೋ ಅದು ಫಲ್ಗುಣಿ ಹೊಳೆಯ ಇಕ್ಕೆಲಗಳ ಅಡಕೆ ತೋಟಗಳ ಸೀಮೆ. ಹಿಂದಿನ ಕಾಲದಲ್ಲಿ ಈ ಕಡೆಯ ತೋಟಗಳಿಗೆ ಬೇಸಗೆಯ ನೀರು ದೊರೆಯುತ್ತಿದ್ದುದು ಕಟ್ಟಗಳಿಂದ ಮತ್ತು ಏತಗಳಿಂದ. ಮಳೆಗಾಲ ಕಳೆದು ಹೊಳೆ ತೋಡುಗಳು ಇಳಿದ ಮೇಲೆ ನೆರೆಕರೆಯವರು ಕೂಡಿ ಕಲ್ಲು ಮಣ್ಣುಗಳ ಕಟ್ಟ ಹಾಕುವರು; ನಿಂತ ನೀರನ್ನು ಸರದಿಯ ಮೇಲೆ ಹಂಚಿಕೊಳ್ಳುವರು. ಕಟ್ಟ ಒಡೆಯಿತೆಂದರೆ ಯಾರ ತೋಟಕ್ಕೆ ಎಷ್ಟು ದಿನದ ನೀರು ತಪ್ಪಿತೆಂಬುದು ಬರೆದಿಡದೆಯೇ ಎಲ್ಲರಿಗೂ ತಿಳಿಯುತ್ತಿತ್ತು. ಏಕೆಂದರೆ ಎಲ್ಲರೂ ನೋಡುತ್ತಿದ್ದುದು ಒಂದೇ ತೋಡನ್ನು. ಈಗ ನೀರೆತ್ತುವ ಕೆಲಸವು ವಿದ್ಯುಚ್ಛಕ್ತಿಯದಾಗಿದೆ. ಅದು ನಿಂತಾಗ ಒಬ್ಬೊಬ್ಬನ ಪಂಪು ಅವನವನ ತೋಟದ ಮೂಲೆಯಲ್ಲಿ, ಅನೇಕವೇಳೆ ರಾತ್ರಿಯಲ್ಲಿ, ಸದ್ದಿಲ್ಲದೆ ನಿಲ್ಲುತ್ತದೆ. ಹೀಗೆ ನಿಂತ ಹೊತ್ತನ್ನು ಊರಿನ ಮಟ್ಟದಲ್ಲಿ ಕೂಡಿಸಿ ನೋಡುವವರು ಯಾರೂ ಇಲ್ಲ. ಇದನ್ನು ನೋಡತಕ್ಕವರು ಗ್ರಾಮಪ್ರಮುಖರು ಮತ್ತು ಗುತ್ತು ಬೀಡು ಬರ್ಕೆಗಳ ಯಜಮಾನರೇ ಎಂಬುದು ನಮ್ಮ ಅಭಿಪ್ರಾಯ.

ದೊಡ್ಡ ನಿಲುಗಡೆಗಳಿಗೆ ಲೆಕ್ಕ ಇಡುವವರುಂಟು. ೨೦೧೨ನೆಯ ಜುಲೈ ೩೦ ಮತ್ತು ೩೧ರಂದು ಉತ್ತರ ಭಾರತದ ವಿದ್ಯುಜ್ಜಾಲವು ಕುಸಿದು ಅರುವತ್ತು ಕೋಟಿಗೂ ಮಿಕ್ಕ ಜನರು ಕತ್ತಲಾದಾಗ ಅದರ ಕಾರಣಗಳನ್ನು ನಿಮಿಷ ನಿಮಿಷವಾಗಿ ಶೋಧಿಸಿ ವರದಿಯನ್ನು ಬರೆದರು. ಏಪ್ರಿಲ್ ತಿಂಗಳಲ್ಲಿ ಒಂದು ಟ್ರಾನ್ಸ್‌ಫಾರ್ಮರಿನ ಕೆಳಗಿನ ನಾಲ್ವತ್ತು ಮನೆಗಳ ಪಂಪುಗಳು ದಿನಕ್ಕೆ ಒಂದೂವರೆ ಗಂಟೆ ನಿಂತರೆ ಅದಕ್ಕೆ ವರದಿಯಿಲ್ಲ. “ಕರೆಂಟೇ ಇಲ್ಲ ಮಾರಾಯರೇ” ಎಂಬ ಒಂದು ಮಾತಿನಲ್ಲಿ ಅದು ಮುಗಿದುಹೋಗುವುದು. ಆ ಮಾತನ್ನು ಕೇಳಿದ ಅಧಿಕಾರಿಯು ಸಹಾನುಭೂತಿಯನ್ನು ತೋರಿಸಬಲ್ಲನೇ ಹೊರತು ಬೇರೇನನ್ನೂ ಮಾಡಲಾರನು. ಎಂದು, ಎಷ್ಟು ಹೊತ್ತು, ಯಾವ ಲೈನಿನಲ್ಲಿ, ಏನು ಕೆಟ್ಟಿತು ಎಂಬ ನಾಲ್ಕು ಪ್ರಶ್ನೆಗಳಿಗೆ ಆ ಮಾತಿನಲ್ಲಿ ಉತ್ತರವಿಲ್ಲವಷ್ಟೆ.

ಹಾಗಾದರೆ ವಿದ್ಯುತ್ ಕಂಪೆನಿಯವರು ಲೆಕ್ಕವಿಡುವುದಿಲ್ಲವೇ ಎಂದು ಕೇಳಬಹುದು. ಇಡುತ್ತಾರೆ. ದಕ್ಷಿಣ ಕನ್ನಡ, ಉಡುಪಿ, ಶಿವಮೊಗ್ಗ, ಚಿಕ್ಕಮಗಳೂರು ಈ ನಾಲ್ಕು ಜಿಲ್ಲೆಗಳಿಗೆ ಶಕ್ತಿಯನ್ನು ಹಂಚುವ ಮೆಸ್ಕಾಂ ಸಂಸ್ಥೆಯು ೨೦೦೨ರಲ್ಲಿ ಏರ್ಪಟ್ಟಿತು. ಇಂಥ ಸಂಸ್ಥೆಗಳು ತಮ್ಮ ಸೇವೆಯನ್ನು ಅಳೆಯುವುದಕ್ಕೆ ಲೋಕದಲ್ಲೆಲ್ಲ ರೂಢಿಯಲ್ಲಿರುವ ಎರಡು ಅಂಕಗಳಿವೆ. ಸೈಡಿ ಎಂಬುದು ಒಬ್ಬ ಗ್ರಾಹಕನಿಗೆ ಸರಾಸರಿಯಲ್ಲಿ ಎಷ್ಟು ಹೊತ್ತು ಶಕ್ತಿ ತಪ್ಪಿತು ಎಂಬುದನ್ನೂ, ಸೈಫಿ ಎಂಬುದು ಎಷ್ಟು ಸಲ ತಪ್ಪಿತು ಎಂಬುದನ್ನೂ ಹೇಳುವುವು. ಇವು ಒಳ್ಳೆಯ ಅಳತೆಗಳೇ ಸರಿ. ಆದರೆ ತೋಟದ ಕಟ್ಟಪುಣಿಯಲ್ಲಿ ನಿಂತು ನೋಡುವವನಿಗೆ ಅವು ಸಾಲವು.

ಮೊದಲನೆಯದಾಗಿ, ಈ ಲೆಕ್ಕವು ಸಾಮಾನ್ಯವಾಗಿ ಸಬ್‌ಸ್ಟೇಶನ್ನಿನಿಂದ ಹೊರಡುವ ೧೧ ಸಾವಿರ ವೋಲ್ಟಿನ ಫೀಡರನ್ನು ಹಿಡಿದು ಮಾಡಿದ್ದು. ಫೀಡರಿನಲ್ಲಿ ಶಕ್ತಿಯಿದ್ದು ನಮ್ಮ ಟ್ರಾನ್ಸ್‌ಫಾರ್ಮರಿನ ಫ್ಯೂಸು ಸುಟ್ಟಿದ್ದರೆ, ಇಲ್ಲವೇ ಅದರಿಂದೀಚೆಗಿನ ತಂತಿ ತುಂಡಾಗಿದ್ದರೆ, ಅಲ್ಲಿಯ ಪುಸ್ತಕದಲ್ಲಿ ಅದು ನಿಲುಗಡೆಯೆನಿಸದೆ ಹೋಗಬಹುದು. ಎರಡನೆಯದು ಸರಾಸರಿಯ ಮಾಯೆ. ಒಂದು ಫೀಡರಿನಲ್ಲಿ ೨,೦೦೦ ಗ್ರಾಹಕರಿದ್ದು, ಗುಡ್ಡದ ಬದಿಯ ೪೦ ಮನೆಗಳಿಗೆ ಮಾತ್ರ ೭೨ ಗಂಟೆ ಶಕ್ತಿ ತಪ್ಪಿತೆನ್ನೋಣ. ಸರಾಸರಿಯಲ್ಲಿ ಅದು ತಲೆಗೆ ಒಂದೂವರೆ ಗಂಟೆಗಿಂತಲೂ ಕಡಮೆಯಾಗುವುದು. ಮೂರು ಹಗಲು ಮೂರು ರಾತ್ರಿ ಒಣಗಿದ ನಾಲ್ವತ್ತು ತೋಟಗಳು ಆ ಅಂಕದಲ್ಲಿ ಎಲ್ಲಿಯೂ ಕಾಣುವುದಿಲ್ಲ. ಮೂರನೆಯದು ಎಲ್ಲಕ್ಕಿಂತ ಮುಖ್ಯವಾದದ್ದು. ಮೂರು ಫೇಸುಗಳಲ್ಲಿ ಒಂದು ಹೋದರೆ ಮನೆಯ ದೀಪ ಉರಿಯುತ್ತದೆ, ಪಂಪು ಮಾತ್ರ ತಿರುಗದು. ಹಟದಿಂದ ತಿರುಗಿಸಿದರೆ ಮೋಟಾರಿನ ಸುರುಳಿ ಸುಟ್ಟುಹೋಗುವುದು. ವೋಲ್ಟೇಜು ತೀರ ಇಳಿದಾಗಲೂ ಹಾಗೆಯೇ. ಕಚೇರಿಯ ದೃಷ್ಟಿಯಲ್ಲಿ “ಶಕ್ತಿಯಿದೆ”, ತೋಟದ ದೃಷ್ಟಿಯಲ್ಲಿ ಇಲ್ಲ. ಆದುದರಿಂದ ನಿಲುಗಡೆಯೆಂಬುದನ್ನು ತಂತಿಯ ತುದಿಯಿಂದ ಅಳೆಯದೆ ಪಂಪಿನ ಬಾಯಿಂದ ಅಳೆಯಬೇಕು. ನೀರು ಬಾರದ ಹೊತ್ತೆಲ್ಲವೂ ನಿಂತ ಹೊತ್ತೇ.

ಇನ್ನು ನಿಂತದ್ದರಿಂದಾದ ನಷ್ಟದ ವಿಚಾರ. ಹತ್ತು ಗಂಟೆ ನಿಂತರೆ ಒಂದು ಗಂಟೆಯ ಹತ್ತರಷ್ಟು ನಷ್ಟವೆಂದು ತಿಳಿಯುವುದು ಸರಿಯಲ್ಲ. ಇದನ್ನು ಒಂದು ಉದಾಹರಣೆಯಿಂದ ವಿಶದಪಡಿಸುವೆವು. ೨.೭ ಮೀಟರು ಅಂತರದಲ್ಲಿ ಸಸಿಯಿಟ್ಟ ತೋಟದಲ್ಲಿ ಎಕ್ರೆಗೆ ಸುಮಾರು ೫೫೦ ಅಡಕೆ ಮರಗಳಿರುವುವು. ಮರವೊಂದಕ್ಕೆ ಒಂದು ಸಲಕ್ಕೆ ೧೭೫ ಲೀಟರು ನೀರನ್ನು ನವೆಂಬರ್ ಡಿಸೆಂಬರ್ ತಿಂಗಳುಗಳಲ್ಲಿ ೭–೮ ದಿನಗಳಿಗೊಮ್ಮೆ, ಜನವರಿ ಫೆಬ್ರವರಿಗಳಲ್ಲಿ ೬ ದಿನಗಳಿಗೊಮ್ಮೆ, ಮಾರ್ಚಿನಿಂದ ಮೇ ತನಕ ೩–೫ ದಿನಗಳಿಗೊಮ್ಮೆ ಕೊಡಬೇಕೆಂಬುದು ಪಶ್ಚಿಮ ಕರಾವಳಿಗೆ ತಜ್ಞರು ಹೇಳಿದ ಪ್ರಮಾಣ. ಎರಡು ಎಕ್ರೆಯ ೧,೧೦೦ ಮರಗಳಿಗೆ ಒಂದು ಸುತ್ತಿಗೆ ೧,೯೨,೫೦೦ ಲೀಟರು ಬೇಕಾಯಿತು. ಗಂಟೆಗೆ ೮,೦೦೦ ಲೀಟರು ಎತ್ತುವ ಪಂಪಾದರೆ ೨೪ ಗಂಟೆಯ ಕೆಲಸ. ರಾಜ್ಯದಲ್ಲಿ ನೀರಾವರಿ ಪಂಪುಗಳಿಗೆ ದಿನಕ್ಕೆ ೭ ಗಂಟೆ ಮೂರು ಫೇಸಿನ ಶಕ್ತಿಯನ್ನು ಕೊಡುವುದು ಸರಕಾರದ ಧೋರಣೆಯಷ್ಟೆ. ಈಗ ದಿನಕ್ಕೆ ಒಂದೂವರೆ ಗಂಟೆ ತಪ್ಪಿತೆಂದು ಇಟ್ಟುಕೊಳ್ಳಿರಿ.

ನವೆಂಬರಿನಲ್ಲಿ ಏಳು ದಿನಗಳಿಗೆ ೪೯ ಗಂಟೆ ಸಿಕ್ಕಬೇಕು. ಹತ್ತೂವರೆ ಗಂಟೆ ತಪ್ಪಿದರೂ ೩೮ ಗಂಟೆಗೆ ಮೇಲ್ಪಟ್ಟು ಉಳಿಯುವುದು. ತೋಟಕ್ಕೆ ಬಾಧಕವಿಲ್ಲ. ಏಪ್ರಿಲಿನಲ್ಲಿ ನಾಲ್ಕು ದಿನಗಳಿಗೆ ಸಿಕ್ಕಬೇಕಾದ್ದು ೨೮ ಗಂಟೆ. ಆರು ತಪ್ಪಿದರೆ ಉಳಿದದ್ದು ೨೨. ಎತ್ತಿದ ನೀರು ೧,೭೬,೦೦೦ ಲೀಟರು. ೧೬,೫೦೦ ಲೀಟರು ಕೊರತೆ. ಎಂದರೆ ೯೪ ಮರಗಳ ಬುಡಕ್ಕೆ ಆ ಸುತ್ತಿನಲ್ಲಿ ನೀರಿಲ್ಲ. ಅದೇ ಒಂದೂವರೆ ಗಂಟೆ ಒಂದು ತಿಂಗಳಲ್ಲಿ ಏನೂ ಅಲ್ಲ, ಇನ್ನೊಂದರಲ್ಲಿ ತೊಂಬತ್ತನಾಲ್ಕು ಮರ! ಪ್ರತಿಯೊಬ್ಬನಿಗೂ ತನ್ನ ಪಂಪಿನ ಎತ್ತುವಿಕೆಯನ್ನು ಡ್ರಮ್ಮಿನಲ್ಲಿ ಹಿಡಿದು ಅಳೆದು, ತನಗೆ ಎಷ್ಟು ಗಂಟೆಯ ಎಡೆಯಿದೆಯೆಂದು ಮೊದಲು ತಿಳಿದುಕೊಳ್ಳುವುದು ಅವಶ್ಯ. ಆ ಎಡೆಯೊಳಗಿನ ನಿಲುಗಡೆ ಬರಿಯ ಉಪದ್ರವ. ಅದನ್ನು ದಾಟಿದ್ದು ನಷ್ಟ. ಎರಡನ್ನೂ ಒಂದೇ ಸ್ವರದಲ್ಲಿ ದೂರಿಕೊಂಡರೆ ಎರಡನೆಯದಕ್ಕೂ ಬೆಲೆ ಬಾರದು. ಅಡಕೆಯು ನೀರಿನ ಕೊರತೆಯನ್ನು ತಾಳುವ ಮರವಲ್ಲ. ಹಿಂಗಾರ ಒಣಗಿ, ನಳ್ಳಿ ಉದುರಿ ಆ ವರುಷದ ಫಸಲು ಹೋಗುವುದು ಮಾತ್ರವಲ್ಲದೆ, ಒಮ್ಮೆ ಬಾಡಿದ ಮರವು ಮೊದಲಿನ ಕಸುವಿಗೆ ಬರಲು ಎರಡು ಮೂರು ವರುಷಗಳು ಹಿಡಿಯುವುವು.

ಎಷ್ಟು ಸಲ ನಿಂತಿತೆಂಬುದನ್ನೂ ಬರೆಯಬೇಕು. ಒಂದು ಗಂಟೆ ಒಮ್ಮೆಗೇ ಹೋಗುವುದಕ್ಕೂ ಕಾಲು ಗಂಟೆಯಂತೆ ನಾಲ್ಕು ಸಲ ಹೋಗುವುದಕ್ಕೂ ಅಂತರವಿದೆ. ಫುಟ್‌ವಾಲ್ವಿನಲ್ಲಿ ನೀರು ನಿಲ್ಲದ ಹಳೆಯ ಪಂಪುಗಳಿಗೆ ಪ್ರತಿಸಲವೂ ನೀರು ತುಂಬಿಸಬೇಕು. ಪೈಪುಗಳು ಮತ್ತೆ ತುಂಬಿ ಸ್ಪ್ರಿಂಕ್ಲರು ಸರಿಯಾಗಿ ತಿರುಗುವುದಕ್ಕೆ ಹೊತ್ತು ಬೇಕು. ಆಳು ಅಲ್ಲಿಯೇ ಕಾದಿರಬೇಕು.

ತೋಟದ ಮಾತಾಯಿತು, ಊರಿನ ಸಂಸ್ಥೆಗಳ ಮಾತೂ ಬೇರೆಯಲ್ಲ. ಹಾಲಿನ ಡೈರಿಗಳಲ್ಲಿ ಬಲ್ಕ್ ಕೂಲರ್ ಇಟ್ಟಿರುವಲ್ಲಿ ಹಾಲನ್ನು ಬೇಗನೆ ೪ ಡಿಗ್ರಿಗೆ ತಣಿಸಬೇಕು. ಶಕ್ತಿ ಹೋದರೆ ಜನರೇಟರ್ ಓಡಿಸುವರು, ಹಾಲು ಕೆಡುವುದಿಲ್ಲ. ಆದಕಾರಣ ನಷ್ಟವಾಗಲಿಲ್ಲವೆಂದು ಲೆಕ್ಕದಲ್ಲಿ ತೋರುವುದು. ಸುಟ್ಟ ಡೀಸೆಲ್ಲು ಯಾರ ಹಣ? ನಿಂತರೂ ನಿಲ್ಲದಂತೆ ನಡೆಸಲು ತಗಲಿದ ವೆಚ್ಚವೂ ನಿಲುಗಡೆಯ ಖರ್ಚೇ ಆದುದರಿಂದ ಅದನ್ನು ಬೇರೆ ಅಂಕಣದಲ್ಲಿ ಬರೆಯತಕ್ಕದ್ದು. ಸಹಕಾರ ಸಂಘಗಳಲ್ಲಿ ೨೦೧೮ರಿಂದೀಚೆಗೆ ಸಹಾಯಧನದ ಗೊಬ್ಬರವನ್ನು ಯಂತ್ರದಲ್ಲಿ ಬೆರಳು ಒತ್ತಿಸಿಯೇ ಮಾರಬೇಕಾಗಿದೆ. ನೆಟ್‌ವರ್ಕ್ ಸಿಗದೆ ಯಂತ್ರ ನಿಂತರೆ ಗೋದಾಮಿನಲ್ಲಿ ಗೊಬ್ಬರವಿದ್ದೂ ಕೊಡುವಂತಿಲ್ಲ. ಅಲ್ಲಿ ಅಳೆಯಬೇಕಾದದ್ದು ಎಷ್ಟು ಗಂಟೆ ನಿಂತಿತೆಂಬುದಕ್ಕಿಂತಲೂ, ಎಷ್ಟು ಮಂದಿ ಬರಿಗೈಯಲ್ಲಿ ಹಿಂತಿರುಗಿದರು ಎಂಬುದನ್ನು. ಬಸ್ಸಿನ ಹಣವನ್ನೂ ಅರ್ಧ ದಿನದ ಕೆಲಸವನ್ನೂ ಕಳೆದುಕೊಂಡು ಬಂದವನ ಹೆಸರನ್ನು ಕಾರ್ಯದರ್ಶಿಯು ಒಂದು ಪುಸ್ತಕದಲ್ಲಿ ಬರೆದುಕೊಂಡರೆ ತಿಂಗಳ ಕೊನೆಗೆ ಆಡಳಿತ ಮಂಡಲಿಯು ನೋಡತಕ್ಕ ಮೊದಲನೆಯ ಪುಟ ಅದೇ ಆಗುವುದು.

ಪುಸ್ತಕವಿಟ್ಟರೆ ಅದು ಲೈನ್‌ಮ್ಯಾನನ ಮೇಲಿನ ದೂರಾಗುವುದಲ್ಲವೇ ಎಂದು ಕೆಲವರು ಹಿಂಜರಿಯುತ್ತಾರೆ. ಗಾಳಿಮಳೆಯಲ್ಲಿ ಕಂಬ ಹತ್ತುವ ಆ ಮನುಷ್ಯನ ಕಷ್ಟವನ್ನು ಬಲ್ಲವರು ಹೀಗೆ ಹೇಳುವುದು ಸಹಜ. ಆದರೆ ಪುಸ್ತಕದಲ್ಲಿ ಕಾರಣದ ಅಂಕಣವೊಂದಿದ್ದು ಅದನ್ನು ಪ್ರಾಮಾಣಿಕವಾಗಿ ತುಂಬಿದರೆ, ಅಲ್ಲಿ ಹೆಚ್ಚಾಗಿ ಕಾಣತಕ್ಕದ್ದು ಅವನ ಹೆಸರಲ್ಲ, ನಮ್ಮದೇ. ತಂತಿಗೆ ತಾಗುವ ಹಲಸು ಮಾವುಗಳ ಕೊಂಬೆ ಯಾರ ವರ್ಗದ್ದು? ಮೇ ತಿಂಗಳಲ್ಲಿ ಅದನ್ನು ಕಡಿಯಬಂದವರನ್ನು ಗೇಟಿನಿಂದಲೇ ಹಿಂದಕ್ಕಟ್ಟಿದ ಯಜಮಾನರು ಜೂನಿನಲ್ಲಿ ಕತ್ತಲೆಯೆಂದು ಗೊಣಗುವುದನ್ನು ಯಾರು ಕೇಳಿಲ್ಲ! ೨೫ ಕೆ.ವಿ.ಎ. ಟ್ರಾನ್ಸ್‌ಫಾರ್ಮರು ೫ ಅಶ್ವಶಕ್ತಿಯ ಐದು ಪಂಪುಗಳನ್ನು ಹೊರುವಷ್ಟರಲ್ಲಿ ಅದರ ಶಕ್ತಿ ಬಹುಮಟ್ಟಿಗೆ ತೀರಿತು. ಅದಕ್ಕೆ ಎಂಟು ಹತ್ತು ಪಂಪುಗಳನ್ನು ಕಟ್ಟಿ, ಪ್ರತಿಯೊಂದಕ್ಕೂ ಆಟೋ ಸ್ಟಾರ್ಟರ್ ಇಟ್ಟರೆ, ಶಕ್ತಿ ಬಂದ ಕ್ಷಣದಲ್ಲಿ ಎಲ್ಲವೂ ಒಟ್ಟಿಗೆ ಎದ್ದು ಫ್ಯೂಸು ಹಾರುವುದು. ಮತ್ತೆ ಎರಡು ಗಂಟೆ ಎಲ್ಲರಿಗೂ ಇಲ್ಲ. ಕಟ್ಟದ ನೀರಿಗೆ ಸರದಿಯಿಟ್ಟ ಹಿರಿಯರ ಊರಿನಲ್ಲಿ ಪಂಪಿಗೆ ಸರದಿಯಿಡುವುದು ಅಸಾಧ್ಯವೇನಲ್ಲ. ಒಂದು ಟ್ರಾನ್ಸ್‌ಫಾರ್ಮರಿನ ಕೆಳಗಿನವರು ಕೂತು ಮಾತಾಡಿದರೆ ಒಂದು ಸಂಜೆಯ ಕೆಲಸ.

೨೦೧೯ರ ಆಗಸ್ಟಿನಲ್ಲಿ ಚಾರ್ಮಾಡಿ ಕಡೆಯಲ್ಲಿ ಗುಡ್ಡ ಜರಿದು ಪ್ರವಾಹ ಬಂದಂಥ ದಿನಗಳನ್ನು ಪುಸ್ತಕದಲ್ಲಿ ಪ್ರತ್ಯೇಕವಾಗಿ ಗುರುತಿಸಬೇಕು. ಅಮೆರಿಕದ ವಿದ್ಯುತ್ ಇಂಜಿನಿಯರರ ಸಂಸ್ಥೆಯ ೧೩೬೬ನೆಯ ನಿಯಮಾವಳಿಯಲ್ಲಿಯೂ ಮಹಾವಿಪತ್ತಿನ ದಿನಗಳನ್ನು ಬೇರೆಮಾಡಿ ಎಣಿಸುವ ಪದ್ಧತಿಯುಂಟು. ಇಲ್ಲವಾದರೆ ಒಂದು ವಾರದ ಆಪತ್ತು ವರುಷದ ನಿತ್ಯದ ಅವ್ಯವಸ್ಥೆಯನ್ನು ಮುಚ್ಚಿಬಿಡುವುದು.

೧೦ ಅಶ್ವಶಕ್ತಿಯ ತನಕದ ಪಂಪುಗಳಿಗೆ ೨೦೦೮ರಿಂದ ಶಕ್ತಿಯು ಉಚಿತವಾಗಿರುವುದರಿಂದ ಲೆಕ್ಕ ಕೇಳುವುದಕ್ಕೆ ನಮಗೆ ಮುಖವೆಲ್ಲಿದೆ ಎನ್ನುವವರೂ ಇದ್ದಾರೆ. ಉಚಿತವೆಂಬುದು ನಮ್ಮ ಮಟ್ಟಿಗೆ. ಆ ಹಣವನ್ನು ಸರಕಾರವು ಬೊಕ್ಕಸದಿಂದ ಕಂಪೆನಿಗೆ ತೆರುವುದು. ಕೊಟ್ಟ ಹಣಕ್ಕೆ ಸೇವೆ ಸಂದಿತೇ ಎಂದು ನೋಡುವುದು ಸರಕಾರಕ್ಕೂ ಬೇಕಾದದ್ದೇ. ೨೦೦೩ರ ವಿದ್ಯುಚ್ಛಕ್ತಿ ಕಾಯಿದೆಯ ೫೭ನೆಯ ಪ್ರಕರಣದಂತೆ ಸೇವೆಗೆ ಮಾನದಂಡಗಳನ್ನು ಗೊತ್ತುಪಡಿಸಿ, ಅವು ತಪ್ಪಿದರೆ ಗ್ರಾಹಕನಿಗೆ ಪರಿಹಾರ ಸಲ್ಲಬೇಕೆಂಬ ವಿಧಿಯಿದೆ. ೧೯೯೯ರಲ್ಲಿ ಸ್ಥಾಪಿತವಾದ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ದರಗಳನ್ನು ನಿಶ್ಚಯಿಸುವ ಮುನ್ನ ಸಾರ್ವಜನಿಕ ವಿಚಾರಣೆಯನ್ನು ನಡೆಸುತ್ತದೆ. ಅಲ್ಲಿ ಎದ್ದುನಿಂತು ನೊಂದ ಮಾತಾಡಿದವರು ಬಹಳ. ಹನ್ನೆರಡು ತಿಂಗಳ ಪುಸ್ತಕವನ್ನು ಮುಂದಿಟ್ಟವರು ವಿರಳ.

ಪುಸ್ತಕವು ದೊಡ್ಡದಾಗಬೇಕಿಲ್ಲ. ಒಂದೊಂದು ಟ್ರಾನ್ಸ್‌ಫಾರ್ಮರಿಗೆ ಒಂದರಂತೆ, ಅದರ ಗುರುತಿನ ಸಂಖ್ಯೆಯನ್ನು ರಟ್ಟಿನ ಮೇಲೆ ಬರೆದು, ತಾರೀಕು, ಹೋದ ಹೊತ್ತು, ಬಂದ ಹೊತ್ತು, ಪೂರ್ತಿ ಹೋಯಿತೋ ಒಂದು ಫೇಸು ಹೋಯಿತೋ, ಕಾರಣವೇನು, ಕೆಟ್ಟದ್ದೇನು ಎಂಬಿಷ್ಟನ್ನು ಬರೆಯುವಂಥ ಇನ್ನೂರು ಪುಟದ ನೋಟುಪುಸ್ತಕ ಸಾಕು. ದೀಪಾವಳಿ ಕಳೆದು ತೋಟಕ್ಕೆ ನೀರು ಬಿಡಲಾರಂಭಿಸುವ ದಿನದಿಂದ ಮಳೆ ಹಿಡಿಯುವ ತನಕ ತಪ್ಪದೆ ಬರೆಯಬೇಕು. ಮಳೆಗಾಲದಲ್ಲಿ ದೊಡ್ಡವನ್ನು ಮಾತ್ರ ಬರೆದರೂ ನಡೆಯುವುದು. ಅದನ್ನು ಯಾರ ಮನೆಯಲ್ಲಿಡಬೇಕೆಂಬ ಪ್ರಶ್ನೆ ಬಂದಲ್ಲಿ ಹಾಲಿನ ಡೈರಿಯಲ್ಲಿಡುವುದು ಮೇಲು. ಬೆಳಗ್ಗೆ ಸಂಜೆ ಎರಡು ಹೊತ್ತೂ ಎಲ್ಲ ಮನೆಯವರೂ ಅಲ್ಲಿಗೆ ಬರುವರು, ಹಾಲು ಅಳೆಯುವವನ ಕೈಯಲ್ಲಿ ಪೆನ್ನಂತೂ ಇದ್ದೇ ಇರುವುದು.