ಅರ್ಥವಾಗದ ಸೂಚನಾಪತ್ರದ ಖರ್ಚು ಯಾರ ಲೆಕ್ಕಕ್ಕೆ?

ಕಳೆದ ಮಳೆಗಾಲದ ಆರಂಭದಲ್ಲಿ ಕೆಲವು ದಿನಗಳನ್ನು ಬಂಟ್ವಾಳ ತಾಲೂಕಿನ ಕನ್ಯಾನದಲ್ಲಿರುವ ಬಂಧುಗಳ ಮನೆಯಲ್ಲಿ ಕಳೆದೆ. ಒಂದು ಸಂಜೆ ನೆರೆಯ ತೋಟದ ಹಿರಿಯ ಕೃಷಿಕರೊಬ್ಬರು ಮಡಚಿದ ಕಾಗದವೊಂದನ್ನು ಹಿಡಿದು ಬಂದರು. ‘ಇದನ್ನೊಮ್ಮೆ ನೋಡಿ ಮಾರಾಯ್ರೆ, ನೀವು ಸರಕಾರದಲ್ಲಿ ಇದ್ದವರಲ್ವಾ’ ಎಂದರು. ಅದು ಹವಾಮಾನ ಆಧಾರಿತ ಬೆಳೆ ವಿಮೆಯ ಕುರಿತ ಒಂದು ಸೂಚನಾಪತ್ರ. ಅದರ ಮುಖ್ಯ ವಾಕ್ಯ ಹೆಚ್ಚುಕಡಿಮೆ ಹೀಗಿತ್ತು: ‘ಸದರಿ ಯೋಜನೆಯಡಿ ಅಧಿಸೂಚಿತ ವಿಮಾ ಘಟಕದ ಉಲ್ಲೇಖಿತ ಹವಾಮಾನ ಕೇಂದ್ರದಲ್ಲಿ ದಾಖಲಾದ ದತ್ತಾಂಶವು ಟರ್ಮ್ ಶೀಟ್‌ನಲ್ಲಿ ನಮೂದಿಸಲಾದ ಟ್ರಿಗರ್ ಮಟ್ಟವನ್ನು ಮೀರಿದಲ್ಲಿ ಮಾತ್ರ ಪರಿಹಾರವು ಸಂದಾಯಾರ್ಹವಾಗತಕ್ಕದ್ದು.’

ಮೂವತ್ತಕ್ಕೂ ಹೆಚ್ಚು ವರ್ಷ ಇಂಥ ವಾಕ್ಯಗಳನ್ನೇ ಓದಿ, ಬರೆದು, ಸಹಿ ಮಾಡಿದ ನಾನೂ ಅದನ್ನು ಎರಡು ಬಾರಿ ಓದಬೇಕಾಯಿತು. ಹಿರಿಯರ ಪ್ರಶ್ನೆ ಮಾತ್ರ ಸರಳವಾಗಿತ್ತು: ‘ಕೊಳೆರೋಗ ಬಂದು ಅಡಿಕೆ ಉದುರಿದರೆ ನನಗೆ ದುಡ್ಡು ಬರ್ತದಾ, ಇಲ್ವಾ?’

ಉತ್ತರವೂ ಸರಳವಾಗಿಯೇ ಇದೆ. ಈ ವಿಮೆ ರೋಗಕ್ಕಲ್ಲ, ಮಳೆ ಮತ್ತು ತಾಪಮಾನಕ್ಕೆ. ಗ್ರಾಮ ಪಂಚಾಯಿತಿಯ ಮಟ್ಟದಲ್ಲಿ ದಾಖಲಾಗುವ ಅಂಕಿಗಳು ನಿಗದಿತ ಅವಧಿಯಲ್ಲಿ ನಿಗದಿತ ಮಿತಿಯನ್ನು ದಾಟಿದರೆ ಆ ಪಂಚಾಯಿತಿಯ ವಿಮೆದಾರರೆಲ್ಲರಿಗೂ ಪರಿಹಾರ; ದಾಟದಿದ್ದರೆ, ನಿಮ್ಮ ತೋಟದ ಕಾಯೆಲ್ಲ ಕೊಳೆತು ಬಿದ್ದರೂ ಯಾರಿಗೂ ಇಲ್ಲ. ತೋಟವನ್ನು ನೋಡಲು ಯಾರೂ ಬರುವುದಿಲ್ಲ, ನೋಡುವುದು ಮಳೆಮಾಪಕವನ್ನು. ಅರ್ಥಶಾಸ್ತ್ರದ ದೃಷ್ಟಿಯಿಂದ ಇದು ಜಾಣ ವ್ಯವಸ್ಥೆ. ನಷ್ಟದ ಪರಿಶೀಲನೆಯ ಖರ್ಚು ಉಳಿಯುತ್ತದೆ, ಸುಳ್ಳು ಹೇಳಿಕೆಗೆ ಎಡೆಯಿರುವುದಿಲ್ಲ. ಆದರೆ ವಿಮಾ ಮೊತ್ತದ ಶೇ 5ರಷ್ಟನ್ನು ಕೈಯಿಂದ ತೆರುವ ಕೃಷಿಕನಿಗೆ ತಾನು ಕೊಂಡದ್ದು ಏನನ್ನು ಎಂಬುದೇ ತಿಳಿದಿಲ್ಲವೆಂದರೆ ಆ ಜಾಣತನ ಯಾರಿಗೆ ಬೇಕು? 2020ರ ಮುಂಗಾರಿನಿಂದ ಈ ವಿಮೆ ಸಾಲಗಾರ ರೈತರಿಗೂ ಕಡ್ಡಾಯವಲ್ಲ. ಆದರೆ ಬೇಡವೆನ್ನುವ ಸಾಲಗಾರ, ಕೊನೆಯ ದಿನಾಂಕಕ್ಕೆ ಏಳು ದಿನ ಮೊದಲೇ ಹಾಗೆಂದು ಲಿಖಿತವಾಗಿ ತಿಳಿಸಬೇಕು. ಸುಮ್ಮನಿದ್ದರೆ ಒಪ್ಪಿದಂತೆ. ಈ ನಿಯಮವೂ ಆ ಪತ್ರದಲ್ಲಿತ್ತು, ಎರಡನೆಯ ಪುಟದ ಒಂಬತ್ತನೆಯ ಷರತ್ತಾಗಿ.

ಇತರರನ್ನು ದೂಷಿಸುವ ಮೊದಲು ನನ್ನ ತಪ್ಪನ್ನು ಹೇಳಿಬಿಡುತ್ತೇನೆ. ತೊಂಬತ್ತರ ದಶಕದಲ್ಲಿ ಬಯಲುಸೀಮೆಯ ತಾಲೂಕೊಂದರಲ್ಲಿದ್ದಾಗ ಬರ ಪರಿಹಾರದ ಸುತ್ತೋಲೆಯೊಂದನ್ನು ಸಿದ್ಧಪಡಿಸಿದ್ದೆ. ಮೊದಲು ಇಂಗ್ಲಿಷಿನಲ್ಲಿ ಬರೆದು ಬಳಿಕ ಕನ್ನಡಕ್ಕೆ ತಂದದ್ದು. ‘ಎರಡು ಹೆಕ್ಟೇರಿಗಿಂತ ಕಡಿಮೆ ಜಮೀನುಳ್ಳವರು ಅಥವಾ ಪರಿಶಿಷ್ಟ ಜಾತಿಗೆ ಸೇರಿದವರು ಮತ್ತು ಸಾಲದ ಬಾಕಿ ಇಲ್ಲದವರು’ ಅರ್ಹರೆಂದು ಅದರಲ್ಲಿತ್ತು. ಬಾಕಿ ಇರಬಾರದೆಂಬ ಷರತ್ತು ಎಲ್ಲರಿಗೂ ಅನ್ವಯವೋ, ಎರಡನೆಯ ಗುಂಪಿಗೆ ಮಾತ್ರವೋ? ಒಂದು ಹೋಬಳಿಯ ಗ್ರಾಮಲೆಕ್ಕಿಗರು ಒಂದು ರೀತಿ ಓದಿದರು, ಪಕ್ಕದ ಹೋಬಳಿಯವರು ಇನ್ನೊಂದು ರೀತಿ. ಗೊಂದಲ ನನ್ನ ಕಿವಿಗೆ ಬಿದ್ದು, ಸ್ಪಷ್ಟೀಕರಣ ಹೊರಡಿಸಿ, ಅದು ಹಳ್ಳಿ ತಲುಪುವ ವೇಳೆಗೆ ಅರ್ಜಿಯ ಅವಧಿ ಮುಗಿದಿತ್ತು. ಅವಧಿಯನ್ನು ವಿಸ್ತರಿಸಲು ಮೇಲಿನಿಂದ ಅನುಮತಿ ಬರಲಿಲ್ಲ. ಎಷ್ಟು ಮಂದಿ ಬರಿಗೈಯಲ್ಲಿ ಮರಳಿದರೆಂದು ಯಾರೂ ಎಣಿಸಲಿಲ್ಲ, ಎಣಿಸಬೇಕಾಗಿದ್ದವನು ನಾನೇ. ಆ ಕಡತದಲ್ಲಿ ನನ್ನ ಮೇಲೆ ಒಂದು ಆಕ್ಷೇಪಣೆಯ ಸಾಲೂ ಇಲ್ಲ.

ಅಸ್ಪಷ್ಟ ಬರವಣಿಗೆಯ ಖರ್ಚು ಬರೆದವನ ಆಯವ್ಯಯದಲ್ಲಿ ಎಲ್ಲಿಯೂ ಕಾಣಿಸುವುದಿಲ್ಲ. ಅದನ್ನು ತೆರುವವನು ಓದುಗ: ಎರಡು ಬಾರಿ ಬಸ್ಸು ಹತ್ತಿ, ಒಂದು ದಿನದ ಕೂಲಿ ಬಿಟ್ಟು, ಕಚೇರಿಯ ಮುಂದಿನ ಅರ್ಜಿ ಬರೆಯುವವನಿಗೆ ಹಣ ಕೊಟ್ಟು. ಕಾರ್ಖಾನೆಯ ಕೊಳಕು ನೀರು ಹೊಳೆಗೆ ಸೇರಿದಂತೆ ಇದು ಕೂಡ. ಹೊಳೆಯ ಬಗ್ಗೆಯಾದರೂ ಕಾನೂನಿದೆ.

ಬ್ರಿಟನ್ನಿನಲ್ಲಿ ಅರ್ನೆಸ್ಟ್ ಗೋವರ್ಸ್ ಎಂಬ ಅಧಿಕಾರಿ ಅಲ್ಲಿನ ಹಣಕಾಸು ಇಲಾಖೆಯ ಕೋರಿಕೆಯಂತೆ 1948ರಲ್ಲಿ ಸರಕಾರಿ ನೌಕರರಿಗೆಂದೇ ಸರಳ ಬರವಣಿಗೆಯ ಕೈಪಿಡಿಯೊಂದನ್ನು ಬರೆದರು. ಅಮೆರಿಕದಲ್ಲಿ ಸರಳ ಬರವಣಿಗೆಯ ಕಾಯ್ದೆಯೇ 2010ರಲ್ಲಿ ಬಂತು. ಅಲ್ಲಿನ ವಿಶ್ವವಿದ್ಯಾಲಯಗಳಲ್ಲಿ ತಾಂತ್ರಿಕ ಹಾಗೂ ವ್ಯವಹಾರ ಬರವಣಿಗೆ ಒಂದು ಅಧ್ಯಯನ ಶಿಸ್ತು. ಒಂದು ನಮೂನೆಯನ್ನು ಓದುಗರ ಕೈಗಿತ್ತು, ಅವರು ಎಲ್ಲಿ ಎಡವುತ್ತಾರೆಂದು ಗಮನಿಸುವುದೂ ಸಂಶೋಧನೆಯೇ. ನಮ್ಮಲ್ಲಿ 1963ರಲ್ಲಿ ರಾಜಭಾಷಾ ಅಧಿನಿಯಮ ಬಂತು, ಇತ್ತೀಚೆಗೆ 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯೂ ಸೇರಿತು. ಕಡತ ಕನ್ನಡದಲ್ಲಿರಬೇಕೆಂಬ ಹೋರಾಟ ನ್ಯಾಯವಾದದ್ದೇ. ಆದರೆ ಎಂಥ ಕನ್ನಡದಲ್ಲಿ ಎಂಬ ಪ್ರಶ್ನೆಯನ್ನು ನಾವು ಪದಕೋಶ ಸಮಿತಿಗಳಿಗೆ ಬಿಟ್ಟು ಕೈತೊಳೆದುಕೊಂಡೆವು. ಪದ ಸಿಕ್ಕಿದ ಮಾತ್ರಕ್ಕೆ ವಾಕ್ಯ ಸಿಗುವುದಿಲ್ಲ.

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ 2018ರ ಪಠ್ಯಕ್ರಮದಲ್ಲಿ ಕನ್ನಡ ಬಲ್ಲ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ‘ಆಡಳಿತ ಕನ್ನಡ’ವನ್ನೂ ಬಾರದವರಿಗೆ ‘ವ್ಯಾವಹಾರಿಕ ಕನ್ನಡ’ವನ್ನೂ ಇಟ್ಟಿತ್ತು. ಪತ್ರ, ಟಿಪ್ಪಣಿ, ವರದಿಗಳ ಕಲಿಕೆಗೆ ಅದೊಂದು ಸಣ್ಣ ಬಾಗಿಲು. 2021ರ ಪಠ್ಯಕ್ರಮದಲ್ಲಿ ಅದರ ಜಾಗಕ್ಕೆ ‘ಸಾಂಸ್ಕೃತಿಕ ಕನ್ನಡ’ ಬಂತು: ವಚನ, ಕೀರ್ತನೆ, ಆಧುನಿಕ ಕಾವ್ಯ. ನನಗೆ ವಚನಗಳ ಮೇಲೆ ಪ್ರೀತಿಯಿದೆ. ಆದರೆ ನಾಳೆ ಸೇತುವೆಯ ಸ್ಥಿತಿಗತಿಯ ಕುರಿತು ಗ್ರಾಮಸಭೆಗೆ ತಿಳಿಯುವಂತೆ ಒಂದು ಪುಟ ಬರೆಯಬೇಕಾದ ಎಂಜಿನಿಯರ್ ಅದನ್ನು ಎಲ್ಲಿ ಕಲಿಯಬೇಕು?

ಉತ್ತರ ಕನ್ಯಾನದಿಂದ ಬಹಳ ದೂರವಿಲ್ಲ. ಪುತ್ತೂರಿನಿಂದ 1988ರಲ್ಲಿ ‘ಅಡಿಕೆ ಪತ್ರಿಕೆ’ ಆರಂಭವಾಯಿತು. ಗಡಿಯಾಚೆಯ ಪಡ್ರೆಯ ಶ್ರೀಪಡ್ರೆ ಅದರ ಸಂಪಾದಕರು. ‘ಕೃಷಿಕರ ಕೈಗೆ ಲೇಖನಿ’ ಎಂಬುದು ಅವರ ಸೂತ್ರ. ತೋಟದಲ್ಲಿ ದುಡಿಯುವವರನ್ನು ಕೂರಿಸಿ ಬರೆಯಲು ಕಲಿಸಿದರು. ಧಾರವಾಡದಲ್ಲಿ ಶಿವರಾಂ ಪೈಲೂರು ಅವರ ಕೃಷಿ ಮಾಧ್ಯಮ ಕೇಂದ್ರ 2000ದಿಂದ ಇದೇ ಕೆಲಸವನ್ನು ವಿಸ್ತರಿಸಿತು. ತಾಂತ್ರಿಕ ಬರವಣಿಗೆಯ ಬೋಧನೆ ಕನ್ನಡದಲ್ಲಿ ನಿಜಕ್ಕೂ ನಡೆದ ಜಾಗಗಳೆಂದರೆ ಇವು ಎಂಬುದು ನನ್ನ ಅಭಿಪ್ರಾಯ, ವಿಶ್ವವಿದ್ಯಾಲಯಗಳ ಗೆಳೆಯರು ಮುನಿಸಿಕೊಂಡರೂ ಸರಿಯೇ.

ಬೋರ್ಡೋ ದ್ರಾವಣವನ್ನೇ ನೋಡಿ. ಮೈಸೂರು ಸಂಸ್ಥಾನದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಕೊಳೆರೋಗದ ಮೇಲಿನ ತಮ್ಮ ಅಧ್ಯಯನವನ್ನು 1910ರಲ್ಲಿ ಪ್ರಕಟಿಸಿದರು. ಅಂದಿನಿಂದ ಇಂದಿನವರೆಗೂ ಅಡಿಕೆಯ ಕಾವಲಿಗೆ ಈ ದ್ರಾವಣವೇ. ಕನ್ಯಾನದ ಸಮೀಪದ ವಿಟ್ಲದಲ್ಲಿ ಅಡಿಕೆ ಸಂಶೋಧನಾ ಕೇಂದ್ರವೂ ಇದೆ. ಶೇ 1ರ ದ್ರಾವಣಕ್ಕೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ಒಟ್ಟು 100 ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಪಾತ್ರೆಗಳಲ್ಲಿ ಕರಗಿಸಿ, ತುತ್ತಿನ ನೀರನ್ನು ಸುಣ್ಣದ ನೀರಿಗೆ ಕಲಕುತ್ತ ಹೊಯ್ಯಬೇಕು. ‘ಎರಡೂ ದ್ರಾವಣಗಳನ್ನು ಪರಸ್ಪರ ಮಿಶ್ರಣಗೊಳಿಸತಕ್ಕದ್ದು’ ಎಂದು ಬರೆದರೆ ವ್ಯಾಕರಣ ಸರಿ, ಯಾವುದನ್ನು ಯಾವುದಕ್ಕೆ ಎಂಬುದು ಹೋಯಿತು. ಕೊನೆಗೆ ಉಜ್ಜಿದ ಚೂರಿಯ ಅಲಗನ್ನು ಅದ್ದಿ ನೋಡಿ. ಕೆಂಪು ಲೇಪ ಹಿಡಿದರೆ ಸುಣ್ಣ ಸಾಲದು, ಇನ್ನಷ್ಟು ಹಾಕಿ. ಪ್ರಮಾಣ, ಕ್ರಮ, ಪರೀಕ್ಷೆ, ತಪ್ಪಿದರೆ ಪರಿಹಾರ. ವಿಮೆಯ ಪತ್ರದಲ್ಲಿ ಈ ನಾಲ್ಕರಲ್ಲಿ ಒಂದೂ ಸ್ಪಷ್ಟವಾಗಿರಲಿಲ್ಲ.

ಈ ಊರಿನ ಇನ್ನೊಂದು ಸತ್ಯವನ್ನೂ ನೆನೆಯಬೇಕು. ಇಲ್ಲಿ ಮನೆಯ ಮಾತು ತುಳು, ಬ್ಯಾರಿ, ಕೊಂಕಣಿ, ಹವ್ಯಕ, ಮರಾಠಿ, ಮಲಯಾಳ ಏನೂ ಆಗಿರಬಹುದು. ಬಹಳಷ್ಟು ಮಂದಿಗೆ ಕನ್ನಡವೆಂದರೆ ಶಾಲೆಯ ಮತ್ತು ಕಾಗದಪತ್ರದ ಭಾಷೆ. ಆ ಕಾಗದವೇ ಕಬ್ಬಿಣದ ಕಡಲೆಯಾದರೆ ಮನೆಮಾತಿನ ಊರುಗೋಲೂ ಅವರಿಗಿಲ್ಲ. ಗಡಿ ದಾಟಿದರೆ ಕಾಸರಗೋಡಿನ ಕನ್ನಡಿಗರು 1956ರಿಂದ ಅರ್ಜಿ ನಮೂನೆಗಳು ಕನ್ನಡದಲ್ಲಿ ಬೇಕೆಂದು ಕೇಳುತ್ತ ಬಂದಿದ್ದಾರೆ. ಈಚೆಯವರಿಗೆ ಅವು ಕನ್ನಡದಲ್ಲಿಯೇ ಸಿಗುತ್ತವೆ, ಓದಿ ಹೇಳಲು ಮತ್ತೊಬ್ಬರು ಬೇಕು.

ಆ ರಾತ್ರಿ ಸೂಚನಾಪತ್ರವನ್ನು ಒಂದೇ ಪುಟಕ್ಕೆ ಇಳಿಸಿ ಬರೆದೆ: ಇದು ಯಾವುದರ ವಿಮೆ, ಯಾವುದರದಲ್ಲ, ನೀವು ಕೊಡಬೇಕಾದದ್ದೆಷ್ಟು, ಬೇಡವೆಂದರೆ ಯಾವ ದಿನದೊಳಗೆ ಯಾರಿಗೆ ಬರೆಯಬೇಕು. ಬೆಳಿಗ್ಗೆ ಹಿರಿಯರಿಗೆ ಓದಲು ಕೊಟ್ಟೆ. ನಿಧಾನವಾಗಿ ಓದಿ, ಒಂದೆಡೆ ಬೆರಳಿಟ್ಟರು. ‘ನಿಗದಿತ ಅವಧಿ ಅಂತ ಬರೆದಿದ್ದೀರಲ್ಲ, ಅದು ಯಾವ ತಿಂಗಳಿಂದ ಯಾವ ತಿಂಗಳಿಗೆ?’ ಹೌದು, ನಾನೂ ಅದನ್ನು ಬಿಟ್ಟಿದ್ದೆ. ಟರ್ಮ್ ಶೀಟಿಗಾಗಿ ಎರಡು ಕಚೇರಿಗಳಿಗೆ ದೂರವಾಣಿ ಮಾಡಿದ ಮೇಲೆ, ಮಧ್ಯಾಹ್ನ ಆ ಸಾಲನ್ನು ಮತ್ತೆ ಬರೆದೆ.